ಓದುತ್ತಿರುವವರ ಅಭಿಪ್ರಾಯ ಮತ್ತು ‘ಚಿಕವೀರ ರಾಜೇಂದ್ರ’

ಸಾಹಿತ್ಯವಿಮರ್ಶೆ ಎಂದು ನಾವು ಕರೆಯುವ ಬರವಣಿಗೆಯು ಬಹುಮಟ್ಟಿಗೆ ಓದಿ ಮುಗಿಸಿದವನ ಮಾತು. ಗ್ರಂಥವನ್ನು ಮಡಿಸಿಟ್ಟು, ಅದರ ಮೊದಲು ಕೊನೆಗಳೆರಡನ್ನೂ ಕಣ್ಣಮುಂದೆ ತಂದುಕೊಂಡ ಮೇಲೆಯೇ ವಿಮರ್ಶಕನು ಲೇಖನಿಯನ್ನು ಹಿಡಿಯುತ್ತಾನೆ. ಆದರೆ ಲೋಕದಲ್ಲಿ ಕಾದಂಬರಿಗಳನ್ನು ಕುರಿತು ನಡೆಯುವ ಮಾತುಕತೆಯ ಬಹುಭಾಗ ಇಂಥದಲ್ಲ. ಅದು ಇನ್ನೂ ಓದುತ್ತಿರುವವರ ಮಾತು. ನೂರನೆಯ ಪುಟದಲ್ಲಿ ಬೆರಳಿಟ್ಟುಕೊಂಡೇ ನೆರೆಯವರೊಡನೆ ಆಡುವ ಮಾತು. ಇಂಥ ಅಭಿಪ್ರಾಯಕ್ಕೆ ಬೆಲೆಯುಂಟೇ? ಉಂಟಾದರೆ ಯಾವ ನಿಬಂಧನೆಗೆ ಒಳಪಟ್ಟು? ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’ ಕಾದಂಬರಿಯನ್ನೂ ಅದನ್ನು ಓದುತ್ತಿರುವ ಕೆಲವರು ವಾಚಕರ ಮಾತುಗಳನ್ನೂ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಡುವೆ ಮಾತನಾಡುವುದು ಕಾದಂಬರಿಯೆಂಬ ಪ್ರಕಾರದ ಸ್ವಭಾವದಲ್ಲಿಯೇ ಇದೆ. ಮುಕ್ತಕವು ಒಂದು ಉಸಿರಿನಲ್ಲಿ ಮುಗಿಯುತ್ತದೆ. ನಾಟಕವು ಒಂದು ರಾತ್ರಿಯಲ್ಲಿ ಮುಗಿಯುತ್ತದೆ. ನಾಲ್ಕುನೂರು ಪುಟಗಳ ಕಾದಂಬರಿಯನ್ನಾದರೋ ಸಂಸಾರಸ್ಥನು ಮೂರು ವಾರವೋ ಒಂದು ತಿಂಗಳೋ ಓದುತ್ತಾನೆ. ಅಷ್ಟು ದಿನ ಬಾಯಿ ಮುಚ್ಚಿಕೊಂಡಿರು ಎಂದರೆ ಯಾರು ಕೇಳುವರು? ಕನ್ನಡದಲ್ಲಿ ಕಾದಂಬರಿಯು ಬೆಳೆದ ಬಗೆಯೂ ಇದಕ್ಕೆ ಪೋಷಕವಾಯಿತು. ಗಳಗನಾಥರ ಕಾದಂಬರಿಗಳು ‘ಸದ್ಬೋಧ ಚಂದ್ರಿಕೆ’ಯೆಂಬ ಮಾಸಪತ್ರಿಕೆಯ ಮೂಲಕ ಮನೆಮನೆಗೆ ಹೋದವು. ಅನಂತರದ ಕಾಲದಲ್ಲಿ ‘ಸುಧಾ’ ಮೊದಲಾದ ವಾರಪತ್ರಿಕೆಗಳ ಧಾರಾವಾಹಿಗಳಿಗಾಗಿ ಓದುಗರು ಕಾದು ಕುಳಿತರು. ಈ ವಾರದ ಕಂತಿಗೂ ಮುಂದಿನ ವಾರದ ಕಂತಿಗೂ ನಡುವಣ ಏಳು ದಿನಗಳು ಚರ್ಚೆಗೆಂದೇ ಏರ್ಪಟ್ಟಂತಿದ್ದವು. ಹೀಗಿರಲು ಅರ್ಧ ಓದಿನ ಮಾತನ್ನು ಅಜ್ಞಾನವೆಂದು ತಳ್ಳಿಹಾಕುವುದು ಕಾದಂಬರಿಯ ಇತಿಹಾಸವನ್ನೇ ತಳ್ಳಿಹಾಕಿದಂತೆ.

ಇನ್ನು ಪ್ರಕೃತಕ್ಕೆ ಬರೋಣ. ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯಲ್ಲಿರುವ ಬಿಟ್ಟಂಗಾಲದಲ್ಲಿ ಏಳೆಂಟು ಮಂದಿ ವಾಚಕರು ಒಂದೇ ಕಾದಂಬರಿಯನ್ನು ಒಂದೇ ಕಾಲಕ್ಕೆ ಓದುವ ರೂಢಿಯನ್ನು ಇಟ್ಟುಕೊಂಡಿದ್ದೇವೆ. ಕಕ್ಕಡದ ಮಳೆ ಹಿಡಿದರೆ ಕಾಫಿ ತೋಟದ ಕೆಲಸಗಳೂ ನಿಲ್ಲುವುದರಿಂದ ಓದಿಗೆ ಅದೇ ತಕ್ಕ ಋತು. ಈ ಸಲ ಆಯ್ದುಕೊಂಡದ್ದು ‘ಚಿಕವೀರ ರಾಜೇಂದ್ರ’. 1956ರಲ್ಲಿ ಪ್ರಕಟವಾದ ಈ ಕೃತಿ ಕನ್ನಡಿಗರಿಗೆಲ್ಲ ಪರಿಚಿತವೇ. 1983ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಮಾಸ್ತಿಯವರಿಗೆ ಸಂದಾಗ ಎಲ್ಲರ ಬಾಯಲ್ಲಿಯೂ ಮೊದಲು ಬಂದ ಹೆಸರು ಇದರದೇ. ಆದರೆ ಕೊಡಗಿನಲ್ಲಿ ಕುಳಿತು ಇದನ್ನು ಓದುವುದು ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಓದಿದಂತಲ್ಲ.

ಕಾರಣ ಸ್ಪಷ್ಟವಾಗಿದೆ. ಕೊಡಗನ್ನು 1834ರವರೆಗೆ ಆಳಿದ ಹಾಲೇರಿ ಅರಸುಮನೆತನ ವೀರಶೈವ ಮನೆತನ. ಪ್ರಜೆಗಳಲ್ಲಿ ಬಲಿಷ್ಠರಾದವರು ಕೊಡವರು. ನಮ್ಮ ಪಕ್ಕದ ವಿರಾಜಪೇಟೆಯೇ ದೊಡ್ಡವೀರರಾಜೇಂದ್ರನು 1792ರಲ್ಲಿ ಕಟ್ಟಿಸಿ ತನ್ನ ಹೆಸರಿಟ್ಟ ಪಟ್ಟಣ. ಕಕ್ಕಬೆಯ ಬಳಿಯ ನಾಲ್ಕುನಾಡು ಅರಮನೆಯೂ ಅವನು ಕಟ್ಟಿಸಿದ್ದೇ. 1820ರಲ್ಲಿ ಪಟ್ಟಕ್ಕೆ ಬಂದ ಚಿಕವೀರರಾಜನ ದರ್ಪ ಕ್ರೌರ್ಯಗಳು, 1832ರಲ್ಲಿ ಅವನ ತಂಗಿ ದೇವಮ್ಮಾಜಿಯೂ ಅವಳ ಪತಿ ಚೆನ್ನಬಸವನೂ ಓಡಿಹೋಗಿ ಇಂಗ್ಲಿಷರ ಆಶ್ರಯವನ್ನು ಬೇಡಿದ್ದು, 1834ರ ಏಪ್ರಿಲಿನಲ್ಲಿ ಇಂಗ್ಲಿಷ್ ಸೇನೆ ಮಡಿಕೇರಿಯನ್ನು ಹೊಕ್ಕದ್ದು, ಅರಸನು ಕಾಶಿಗೂ ಅಲ್ಲಿಂದ 1852ರಲ್ಲಿ ಲಂಡನ್ನಿಗೂ ಹೋಗಿ 1859ರಲ್ಲಿ ಅಲ್ಲಿಯೇ ಮೃತನಾದದ್ದು, ಇವೆಲ್ಲ ಇಲ್ಲಿಯ ಹಿರಿಯರಿಗೆ ಪಠ್ಯಪುಸ್ತಕದ ನೆರವಿಲ್ಲದೆ ತಿಳಿದ ಸಂಗತಿಗಳು. ಅರಸನನ್ನು ಇಳಿಸಿದ ಮೂರೇ ವರ್ಷಕ್ಕೆ, 1837ರಲ್ಲಿ, ಅದೇ ಮನೆತನದ ಹೆಸರಿನಲ್ಲಿ ಅಮರ ಸುಳ್ಯದ ಕಡೆಯಿಂದ ದಂಗೆ ಎದ್ದಿತೆಂಬುದನ್ನು ನೆನೆದರೆ ಈ ನಾಡಿನ ನೆನಪು ಒಂದೇ ಮುಖದ್ದಲ್ಲವೆಂಬುದು ವಿದಿತವಾಗುತ್ತದೆ. ಆದಕಾರಣ ಪ್ರತಿಯೊಬ್ಬ ಓದುಗನೂ ತನ್ನ ಮನೆಯ ನೆನಪನ್ನು ಬೆನ್ನಿಗೆ ಕಟ್ಟಿಕೊಂಡೇ ಮೊದಲ ಪುಟವನ್ನು ತೆರೆಯುತ್ತಾನೆ.

ಇಂಥ ಓದುಗರು ನಡುವೆ ಆಡಿದ ನಾಲ್ಕು ಮಾತುಗಳನ್ನು ಇಲ್ಲಿ ಪರಿಶೀಲನೆಗೆ ಎತ್ತಿಕೊಳ್ಳುತ್ತೇನೆ. ಮೊದಲನೆಯವರು ವಿರಾಜಪೇಟೆಯ ವೀರಶೈವ ವರ್ತಕರು. ಕಾದಂಬರಿಯ ಕಾಲುಭಾಗವನ್ನು ಓದಿದ್ದ ಅವರು, “ನಮ್ಮ ಸಮಾಜದ ಅರಸನೊಬ್ಬನನ್ನು ಹೀನಾಯವಾಗಿ ತೋರಿಸುವುದಕ್ಕೆ ಇಷ್ಟು ದೊಡ್ಡ ಪುಸ್ತಕ ಬೇಕಿತ್ತೇ?” ಎಂದು ನೊಂದು ನುಡಿದರು. ಎರಡನೆಯವರು ಸೇನೆಯಿಂದ ನಿವೃತ್ತರಾದ ಕೊಡವ ಸುಬೇದಾರರು. ಅರ್ಧದಷ್ಟು ಓದಿದ್ದ ಅವರ ಆಕ್ಷೇಪಣೆ ಮಂತ್ರಿ ಬೋಪಣ್ಣನ ಮೇಲೆ: “ಇಷ್ಟನ್ನೆಲ್ಲ ಕಂಡೂ ಇವನು ಕೈಕಟ್ಟಿ ನಿಂತಿದ್ದೇಕೆ?” ಮೂರನೆಯವರು ನಿವೃತ್ತ ದಾದಿ. ಮುಕ್ಕಾಲು ಪಾಲು ಓದಿದ್ದ ಅವರು, “ಹೆಸರು ರಾಜನದು, ಕಥೆ ರಾಣಿ ಗೌರಮ್ಮನದು” ಎಂದರು. ನಾಲ್ಕನೆಯವನು ಕಾಲೇಜು ಓದುವ ಹುಡುಗ. ಐವತ್ತು ಪುಟಗಳಿಗೇ ಬೇಸತ್ತು, “ಎಲ್ಲರೂ ಮಾತನಾಡುತ್ತಲೇ ಇದ್ದಾರೆ, ಏನೂ ನಡೆಯುವುದಿಲ್ಲವಲ್ಲ ಮಾಷ್ಟ್ರೇ” ಎಂದನು.

ಈ ನಾಲ್ಕರಲ್ಲಿ ಒಂದೂ ಪೂರ್ಣ ಸತ್ಯವಲ್ಲ. ಆದರೆ ಒಂದೂ ಹುಸಿಯಲ್ಲ. ಅವರವರು ನಿಂತ ಪುಟದಿಂದ ನೋಡಿದರೆ ಆಯಾ ಮಾತಿಗೆ ಆಧಾರವಿದೆ. ಕಾದಂಬರಿಯ ಪೂರ್ವಭಾಗದಲ್ಲಿ ಅರಸನ ವಿಷಯಲಂಪಟತನ, ಅವನ ಕೈಗೆ ಒದಗುವ ಕುಂಟ ಬಸವನ ನೀಚ ಊಳಿಗ, ತಂಗಿಯ ಮೇಲಣ ಹಗೆ, ಇವು ದಟ್ಟವಾಗಿ ಬರುತ್ತವೆ. ಓದುಗನಿಗೆ ಹಿಡಿದುಕೊಳ್ಳಲು ಒಂದು ಒಳ್ಳೆಯ ಎಳೆಯೂ ಅರಸನಲ್ಲಿ ಸಿಕ್ಕುವುದಿಲ್ಲ. ವರ್ತಕರು ನೊಂದದ್ದು ಸಹಜ. ಆದರೆ ಆ ಎಳೆಯನ್ನು ಮಾಸ್ತಿಯವರು ಅರಸನಲ್ಲಿಡದೆ ಗೌರಮ್ಮನಲ್ಲಿಟ್ಟಿದ್ದಾರೆ. ಆಕೆಯೂ ಅದೇ ಮನೆತನದ ಸೊಸೆ. ಗಂಡನನ್ನು ಬಿಟ್ಟುಕೊಡದೆ, ಅವನ ತಪ್ಪನ್ನೂ ಮುಚ್ಚದೆ, ಮಂತ್ರಿಗಳೊಡನೆ ಮಾನ ತಪ್ಪದೆ ನಡೆದುಕೊಳ್ಳುವ ಆ ರಾಣಿಯನ್ನು ಕಂಡ ಮೇಲೆ ‘ನಮ್ಮ ಸಮಾಜವನ್ನು ಹೀನಾಯವಾಗಿ ತೋರಿಸಿದ್ದಾರೆ’ ಎಂಬ ಮಾತು ನಿಲ್ಲುವುದಿಲ್ಲ. ಧರ್ಮವು ಪಟ್ಟದಲ್ಲಿಲ್ಲ, ನಡೆಯಲ್ಲಿದೆ ಎಂಬುದನ್ನು ವಚನಗಳನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸುಬೇದಾರರ ಪ್ರಶ್ನೆ ಇನ್ನೂ ಆಳವಾದುದು. ಬೋಪಣ್ಣನು ಇತಿಹಾಸದ ಅಪ್ಪಾರಂಡ ಬೋಪುವಿನ ಪಡಿನೆಳಲು. ಮಂತ್ರಿಯು ಅರಸನಿಗೆ ಋಣಿಯೋ ನಾಡಿಗೆ ಋಣಿಯೋ? ಅರಸನೇ ನಾಡಿನ ಕಂಟಕನಾದಾಗ ಪರದೇಶೀಯನನ್ನು ಒಳಗೆ ಬಿಟ್ಟುಕೊಂಡವನು ರಕ್ಷಕನೋ ದ್ರೋಹಿಯೋ? ಅರ್ಧದಲ್ಲಿ ನಿಂತ ಓದುಗನು ‘ಇವನು ಏಕೆ ಏಳಲಿಲ್ಲ’ ಎಂದು ಕೇಳುತ್ತಾನೆ. ಕೊನೆಗೆ ತಲಪಿದವನು ‘ಎದ್ದದ್ದು ಸರಿಯೇ’ ಎಂದು ಕೇಳಬೇಕಾಗುತ್ತದೆ. ಮೊದಲನೆಯ ಪ್ರಶ್ನೆಯ ತಾಪವನ್ನು ಅನುಭವಿಸದವನಿಗೆ ಎರಡನೆಯದರ ಭಾರ ತಿಳಿಯುವುದಿಲ್ಲ. ತಡಮಾಡಿದನೆಂದು ಬೈದ ನಾಲಗೆಯೇ, ಕೋಟೆಯಲ್ಲಿ ಇಂಗ್ಲಿಷರ ಬಾವುಟ ಏರಿದಾಗ, ಏನು ಹೇಳಬೇಕೆಂದು ತೋಚದೆ ತಡವರಿಸುತ್ತದೆ. ಓದುಗನನ್ನು ಈ ಇಕ್ಕಟ್ಟಿಗೆ ತಂದು ನಿಲ್ಲಿಸುವುದೇ ಮಾಸ್ತಿಯವರ ಹವಣು.

ಕಾಲೇಜು ಹುಡುಗನ ಮಾತಿಗೂ ಉತ್ತರ ಕೊಡಬೇಕು. ಅವನು ಹೇಳುವಂತೆ ಈ ಕಾದಂಬರಿಯಲ್ಲಿ ಮಾತು ಹೆಚ್ಚು, ಕತ್ತಿ ಕಡಿಮೆ. ಆದರೆ ಭಯವು ಆಳುವ ಅರಮನೆಯಲ್ಲಿ ಮಾತೇ ಕೃತಿ. ಅಲ್ಲಿ ಒಬ್ಬೊಬ್ಬರೂ ತಮಗೆ ತಿಳಿದುದಕ್ಕಿಂತ ಕಡಿಮೆ ಹೇಳುತ್ತಾರೆ. ಹೇಳಿದುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುತ್ತಾರೆ. ಲಕ್ಷ್ಮೀನಾರಾಯಣಯ್ಯನು ಬೋಪಣ್ಣನೊಡನೆ ಆಡುವ ಮಾತಿಗೂ ಅರಸನ ಎದುರಿಗೆ ಆಡುವ ಮಾತಿಗೂ ಇರುವ ಅಂತರವನ್ನು ಗಮನಿಸಿದರೆ ಸಾಕು, ರಾಜ್ಯವು ಒಳಗಿನಿಂದ ಹೇಗೆ ಬಿರಿಯುತ್ತಿದೆ ಎಂಬುದು ಅರಿವಾಗುತ್ತದೆ. ಇದನ್ನು ಆ ಹುಡುಗನಿಗೆ ತೋರಿಸಿಕೊಟ್ಟವರು ನಿವೃತ್ತ ದಾದಿಯವರು, ವಿಮರ್ಶಕರಲ್ಲ. ರೋಗಿಯ ಕೋಣೆಯಲ್ಲಿ ಮನೆಯವರು ಮಾತನಾಡುವ ಬಗೆಯನ್ನು ನಲವತ್ತು ವರ್ಷ ಕೇಳಿದ ಕಿವಿ ಅವರದು. ‘ಈ ಅರಮನೆಯವರೂ ಹಾಗೆಯೇ ಮಾತನಾಡುತ್ತಾರೆ’ ಎಂದು ಅವರು ಹೇಳಿದ ಮೇಲೆ ಹುಡುಗನು ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡನು. ಓದುಗರ ಗೋಷ್ಠಿಯ ಪ್ರಯೋಜನ ಇಂಥದು.

ಇಲ್ಲಿ ಒಂದು ಸಂದೇಹ ಏಳಬಹುದು. ನಡುವಣ ಅಭಿಪ್ರಾಯವು ಬದಲಾಗುವುದು ಮುಂದೇನಾಗುವುದೆಂದು ಗೊತ್ತಿಲ್ಲದ ಕಾರಣದಿಂದ ತಾನೆ? ಹಾಗಾದರೆ ಕಥೆ ಗೊತ್ತಿದ್ದವನು ಮೊದಲ ಪುಟದಲ್ಲಿಯೇ ತೀರ್ಪು ಕೊಡಬಹುದಲ್ಲವೇ? ಈ ಸಂದೇಹಕ್ಕೆ ಕೊಡಗಿನ ವಾಚಕರೇ ಉತ್ತರ. ಇವರಲ್ಲಿ ಕಥೆಯ ಕೊನೆ ತಿಳಿಯದವರು ಒಬ್ಬರೂ ಇರಲಿಲ್ಲ. ಅರಸನು ರಾಜ್ಯವನ್ನು ಕಳೆದುಕೊಳ್ಳುವನೆಂಬುದು ಪುಸ್ತಕವನ್ನು ತೆರೆಯುವ ಮೊದಲೇ ಎಲ್ಲರಿಗೂ ಗೊತ್ತು. ಆದರೂ ಪ್ರತಿಯೊಬ್ಬರ ಅಭಿಪ್ರಾಯವೂ ಓದು ಸಾಗಿದಂತೆ ಕದಲಿತು. ಎಂದರೆ, ಕಾದಂಬರಿಯು ನಮಗೆ ಕೊಡುವುದು ಬರಿಯ ಸಂಗತಿಯನ್ನಲ್ಲ, ಸಂಗತಿಯ ಅರ್ಥವನ್ನು. ಆ ಅರ್ಥವೋ ಪುಟಪುಟವಾಗಿ ನಡೆದುಹೋದವನಿಗಲ್ಲದೆ ದಕ್ಕುವುದಿಲ್ಲ. ನಮ್ಮ ಹಿರಿಯರು ಗಮಕಿಯ ಬಾಯಿಂದ ಭಾರತವನ್ನು ತಿಂಗಳುಗಟ್ಟಲೆ ಕೇಳಿದ್ದು ಕರ್ಣನು ಸಾಯುವನೋ ಇಲ್ಲವೋ ಎಂಬ ಕುತೂಹಲದಿಂದಲ್ಲ. ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ಯನ್ನು 1973ರ ಪುಟ್ಟಣ್ಣ ಕಣಗಾಲರ ಚಲನಚಿತ್ರದಲ್ಲಿ ಕಂಡ ಮೇಲೂ ಪುಸ್ತಕವನ್ನು ಹುಡುಕಿಕೊಂಡು ಬಂದವರನ್ನು ನಾನು ಬಲ್ಲೆ. ಕಥೆಯನ್ನು ಬಲ್ಲವನು ಕಾದಂಬರಿಯನ್ನು ಬಲ್ಲವನಲ್ಲ.

ಹಾಗೆಂದು ಅರ್ಧ ಓದಿನ ಅಭಿಪ್ರಾಯಕ್ಕೆ ಎಲ್ಲೆಯೇ ಇಲ್ಲವೆನ್ನಲಾಗದು. ಇಲ್ಲಿ ವಚನವಾಙ್ಮಯದ ಒಂದು ಪದ್ಧತಿ ನಮಗೆ ದಾರಿ ತೋರುತ್ತದೆ. ಶರಣರ ಒಂದೊಂದು ವಚನಕ್ಕೂ ಅಂಕಿತವುಂಟು. ಅಂಕಿತವೆಂಬುದು ಬರಿಯ ರುಜುವಲ್ಲ. ಯಾರು, ಯಾವ ನಿಲವಿನಲ್ಲಿ ನಿಂತು, ಯಾರನ್ನು ಸಾಕ್ಷಿಯಾಗಿಟ್ಟುಕೊಂಡು ಈ ಮಾತನ್ನು ಆಡುತ್ತಿದ್ದಾರೆಂಬುದನ್ನು ಅದು ತಿಳಿಸುತ್ತದೆ. ಆಡಿದ ಮಾತಿಗೆ ಆಡಿದವರನ್ನು ಹೊಣೆಯಾಗಿಸುತ್ತದೆ. ಕಾದಂಬರಿಯ ಓದುಗನ ಅಭಿಪ್ರಾಯಕ್ಕೂ ಇಂಥ ಅಂಕಿತವೊಂದು ಬೇಕು. ‘ಇಷ್ಟನೆಯ ಪುಟದವರೆಗೆ ಓದಿದ್ದೇನೆ, ಈ ಪ್ರಸಂಗವನ್ನು ಕಂಡು ಹೀಗೆನ್ನುತ್ತೇನೆ, ಇದನ್ನು ಇಂಥ ಮನೆಯ ನೆನಪಿನಿಂದ ಓದುತ್ತಿದ್ದೇನೆ’ ಎಂದು ಹೇಳಿಕೊಂಡ ಮಾತು ಎಷ್ಟು ತೀಕ್ಷ್ಣವಾದರೂ ಹಾನಿಯಿಲ್ಲ. ಕೇಳಿದವನು ಅದನ್ನು ಅದರ ಸ್ಥಾನದಲ್ಲಿಟ್ಟು ತೂಗಬಲ್ಲನು. ಅಂಕಿತವನ್ನು ಅಳಿಸಿ, ಕಾಲುಭಾಗದ ಅಭಿಪ್ರಾಯವನ್ನು ಇಡಿಯ ಗ್ರಂಥದ ತೀರ್ಪೆಂದು ಸಾರಿದಾಗಲೇ ಕೇಡು.

‘ಶೂನ್ಯಸಂಪಾದನೆ’ಯ ಸಂಕಲನಕಾರರೂ ಈ ಮರ್ಮವನ್ನು ಬಲ್ಲವರು. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಅಣಿಗೊಳಿಸಿ, ಅನಂತರ ಗೂಳೂರ ಸಿದ್ಧವೀರಣ್ಣೊಡೆಯನವರೆಗೆ ಹಲವರು ಪರಿಷ್ಕರಿಸಿದ ಆ ಗ್ರಂಥವು ಬಿಡಿಬಿಡಿಯಾದ ವಚನಗಳನ್ನು ಸಂವಾದರೂಪದಲ್ಲಿ ಜೋಡಿಸಿದೆ. ಕಲ್ಯಾಣಕ್ಕೆ ಬಂದ ಮಹಾದೇವಿಯಕ್ಕನನ್ನು ಪ್ರಭುದೇವರು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಪರೀಕ್ಷಿಸುತ್ತಾರೆ. ಕೊನೆಯ ಉತ್ತರದಿಂದ ಸಂದೇಹ ಪರಿಹಾರವಾಯಿತೆಂದು ಸಂಕಲನಕಾರರು ಮೊದಲಿನ ಪ್ರಶ್ನೋತ್ತರಗಳನ್ನು ತೆಗೆದುಹಾಕಲಿಲ್ಲ. ಏಕೆಂದರೆ ಅರಿವು ಮೆಟ್ಟಿಲುಮೆಟ್ಟಿಲಾಗಿ ಏರುವುದನ್ನು ಕಾಣಿಸುವುದೇ ಅಲ್ಲಿಯ ಉದ್ದೇಶ. ಅನುಭಾವದ ಗೋಷ್ಠಿಯನ್ನು ಕಾದಂಬರಿಯ ಗೋಷ್ಠಿಗೆ ಸಮಗಟ್ಟುತ್ತಿಲ್ಲ, ವಸ್ತುವಿನಲ್ಲಿ ಅಜಗಜಾಂತರವಿದೆ. ಆದರೆ ನಡುವಣ ಮಾತನ್ನು ಉಳಿಸಿಕೊಳ್ಳುವ ಸೌಜನ್ಯವನ್ನು ಅಲ್ಲಿಂದ ಕಲಿಯಬಹುದು.

ಈ ವಿವೇಚನೆ ನಮ್ಮ ಸಮಾಜಕ್ಕೆ ಎಷ್ಟು ಅಗತ್ಯವೆಂಬುದನ್ನು ತೋರಿಸಲು ಒಂದು ಕಹಿ ನೆನಪನ್ನು ತರಬೇಕಾಗಿದೆ. 1995ರಲ್ಲಿ ಪ್ರಕಟವಾದ ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯಲ್ಲಿ ಅಕ್ಕನಾಗಮ್ಮ ಚೆನ್ನಬಸವಣ್ಣರನ್ನು ಕುರಿತ ಭಾಗವು ಭಕ್ತರ ಮನಸ್ಸನ್ನು ನೋಯಿಸಿತು. ರಾಜ್ಯ ಸರಕಾರವು 1997ರಲ್ಲಿ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪನ್ನು ಮರುವಿಚಾರಣೆ ಮಾಡುವುದು ಈ ಲೇಖನದ ಕೆಲಸವಲ್ಲ. ನೊಂದವರ ನೋವನ್ನು ಹಗುರಗೊಳಿಸುವ ಇಚ್ಛೆಯೂ ನನಗಿಲ್ಲ. ಆದರೆ ನನ್ನ ಕಿವಿಯಾರೆ ಅದರ ಪರವಾಗಿಯೋ ವಿರೋಧವಾಗಿಯೋ ವಾದಿಸಿದವರಲ್ಲಿ ಪುಸ್ತಕವನ್ನು ಕೈಯಲ್ಲಿ ಹಿಡಿದಿದ್ದವರು ಅತಿ ವಿರಳ. ಖಂಡಿಸಿದವರೂ ಓದಿರಲಿಲ್ಲ, ಕೊಂಡಾಡಿದವರೂ ಓದಿರಲಿಲ್ಲ. ಕಾಲುಭಾಗವನ್ನು ಓದಿ ನೊಂದ ನಮ್ಮ ವರ್ತಕರು ಇವರಿಗಿಂತ ಎಷ್ಟೋ ಮೇಲು. ಅವರ ನೋವಿಗೆ ಪುಟದ ಸಂಖ್ಯೆಯಾದರೂ ಇತ್ತು. ಓದುತ್ತಿರುವವನ ಮಾತು ಬೇರೆ, ಓದದವನ ಮಾತು ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ನಮ್ಮ ಸಾಹಿತ್ಯಚರ್ಚೆ ಆಗಾಗ ಜಗಳವಾಗಿ ಪರಿಣಮಿಸುತ್ತದೆ.

ಓದಿ ಮುಗಿಸಿದವರಿಗೂ ಒಂದು ಮಾತು ಹೇಳಬೇಕು. ಮುಗಿಸಿದವನು ಸಮಗ್ರತೆಯನ್ನು ಪಡೆಯುತ್ತಾನೆ, ನಿಜ. ಆದರೆ ತಾನು ತಿಳಿಯದಿದ್ದಾಗಿನ ತಳಮಳವನ್ನು ಮರೆಯುತ್ತಾನೆ. ‘ಚಿಕವೀರ ರಾಜೇಂದ್ರ’ದಲ್ಲಿ ಭಗವತಿಯೆಂಬ ಹೆಂಗಸು ಕಾಣಿಸಿಕೊಳ್ಳುವುದೂ, ಅವಳ ಮೂಲಕ ಕುಂಟ ಬಸವನ ಹುಟ್ಟಿನ ಗುಟ್ಟು ಅರಮನೆಗೇ ಬಂದು ತಟ್ಟುವುದೂ ಕಥೆ ಬಹುದೂರ ಸಾಗಿದ ಮೇಲೆ. ಆ ಗುಟ್ಟನ್ನು ಅರಿತವನಿಗೆ ಬಸವನ ಹಿಂದಿನ ನಡತೆಯೆಲ್ಲ ಕರುಣೆಯ ಬಣ್ಣ ತಳೆಯುತ್ತದೆ. ಆದರೆ ಗುಟ್ಟನ್ನು ತಿಳಿಯದೆ ಅವನನ್ನು ಹೇಸಿಕೊಂಡ ಓದುಗನ ಹೇಸಿಕೆಯೂ ಕಾದಂಬರಿಕಾರನು ಬಯಸಿದ್ದೇ. ಅದಿಲ್ಲದೆ ಮುಂದಿನ ಕರುಣೆಗೆ ನೆಲೆಯಿಲ್ಲ. ಆದಕಾರಣ ಮುಗಿಸಿದವರು ಗೋಷ್ಠಿಯಲ್ಲಿ ಸ್ವಲ್ಪ ಮೌನವನ್ನು ಅಭ್ಯಾಸ ಮಾಡುವುದು ಲೇಸು. ‘ಮುಂದೆ ಓದಿ, ತಿಳಿಯುತ್ತದೆ’ ಎಂದು ನಗುವುದು ಮೌನವಲ್ಲ, ದರ್ಪ. ‘ನಿಮಗೆ ಹಾಗೆ ಕಂಡದ್ದು ಯಾವ ಮಾತಿನಿಂದ?’ ಎಂದು ಕೇಳುವುದು ಸಹೃದಯನ ಲಕ್ಷಣ.

ಈಗ ಕೃತಿಯನ್ನು ಕುರಿತು ನನ್ನ ಅಭಿಪ್ರಾಯವನ್ನೂ ಸೂಚಿಸುವುದು ನ್ಯಾಯ. ಇದನ್ನು ಮೂರನೆಯ ಸಲ ಓದಿ ಮುಗಿಸಿ ಹೇಳುತ್ತಿದ್ದೇನೆಂಬುದು ನನ್ನ ಅಂಕಿತ. ಮಾಸ್ತಿಯವರ ಎರಡು ಐತಿಹಾಸಿಕ ಕಾದಂಬರಿಗಳೂ ವೀರಶೈವ ಅರಸುಮನೆತನಗಳ ಪತನವನ್ನೇ ವಸ್ತುವಾಗಿ ಉಳ್ಳವು. ‘ಚೆನ್ನಬಸವನಾಯಕ’ದಲ್ಲಿ 1763ರಲ್ಲಿ ಹೈದರನ ವಶವಾದ ಬಿದನೂರು, ಇಲ್ಲಿ 1834ರ ಕೊಡಗು. ಎರಡರಲ್ಲಿಯೂ ಹೊರಗಿನ ಶತ್ರು ಬರುವ ಮೊದಲೇ ಮನೆ ಒಳಗಿನಿಂದ ಕುಸಿದಿದೆ. ಇದು ಒಂದು ಸಮಾಜದ ನಿಂದೆಯಲ್ಲ. ಅಧಿಕಾರವು ಕುಟುಂಬದ ಅಂತಃಕರಣವನ್ನು ತಿಂದುಹಾಕುವ ಬಗೆಯ ನಿರೂಪಣೆ. ಈ ದೃಷ್ಟಿಯಿಂದ ‘ಚಿಕವೀರ ರಾಜೇಂದ್ರ’ವು ಕನ್ನಡದ ಶ್ರೇಷ್ಠ ಕೃತಿಗಳ ಪಂಕ್ತಿಯಲ್ಲಿ ನಿಲ್ಲುತ್ತದೆ. ರಾಜ್ಯ ಕಳೆದುಕೊಂಡ ಅರಸನನ್ನು ಕೈಬಿಡದೆ, ಕೊಡಗಿನ ಗಡಿಯಾಚೆಗೂ ಹಿಂಬಾಲಿಸಿ ಹೋಗುವ ಲೇಖಕರ ದಯೆ ದೊಡ್ಡದು.

ದೋಷಗಳಿಲ್ಲವೆಂದಲ್ಲ. ಭಗವತಿಯ ಪ್ರಸಂಗದಲ್ಲಿ ಆಕಸ್ಮಿಕದ ಪಾಲು ಹೆಚ್ಚಾಯಿತು; ಅರಮನೆಯ ಒಳಗಣ ಬದುಕು ಮೂಡಿರುವಷ್ಟು ಸ್ಫುಟವಾಗಿ ಕೊಡವರ ಐನ್‌ಮನೆಯ ಬದುಕು ಮೂಡಿಲ್ಲ; ಇಂಗ್ಲಿಷರ ಲೋಭವು ಅವರ ಸೌಜನ್ಯದ ಮಾತುಗಳ ಹಿಂದೆ ಕೆಲವೆಡೆ ಮರೆಯಾಗುತ್ತದೆ. ಇವುಗಳಲ್ಲಿ ಎರಡನೆಯದನ್ನು ಮೊದಲು ಎತ್ತಿ ಹೇಳಿದವರು ಸುಬೇದಾರರೇ, ಅದೂ ಅರ್ಧ ಓದಿದ್ದಾಗಲೇ. ಕೊನೆಯವರೆಗೆ ಓದಿದ ಮೇಲೂ ಆ ಮಾತು ನಿಂತಿತು. ನಡುವಣ ಅಭಿಪ್ರಾಯಗಳಲ್ಲಿ ಕೆಲವು ಕರಗುತ್ತವೆ, ಕೆಲವು ನಿಲ್ಲುತ್ತವೆ. ಯಾವುದು ಕರಗಿತು, ಯಾವುದು ನಿಂತಿತು ಎಂಬುದನ್ನು ಗುರುತಿಸುವುದೇ ಒಂದು ವಿಮರ್ಶೆ. ಹೀಗೆ ಗುರುತಿಸಬೇಕಾದರೆ ಆ ಮಾತುಗಳನ್ನು ಯಾರಾದರೂ ಆಡಿರಬೇಕು, ಯಾರಾದರೂ ಬರೆದಿಟ್ಟಿರಬೇಕು.

ಆದ್ದರಿಂದ ಈ ಪತ್ರಿಕೆಯ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ತಮ್ಮ ತಮ್ಮ ಊರುಗಳಲ್ಲಿ ನಾಲ್ಕು ಮಂದಿಯಾದರೂ ಕೂಡಿ ಒಂದು ಕಾದಂಬರಿಯನ್ನು ಒಟ್ಟಿಗೆ ಓದಲಿ. ಮುಗಿಯುವವರೆಗೆ ಕಾಯದೆ ಮಾತನಾಡಲಿ. ಆಡಿದ ಮಾತಿನ ಪಕ್ಕದಲ್ಲಿ ತಾವು ಓದಿದ ಪುಟದ ಸಂಖ್ಯೆಯನ್ನು ಒಂದು ಹಳೆಯ ನೋಟುಬುಕ್ಕಿನಲ್ಲಿ ಬರೆದಿಡಲಿ. ಮುಗಿದ ದಿನ ಅದನ್ನು ತೆರೆದು ಎಲ್ಲರೆದುರಿಗೆ ಓದಲಿ.